ಲಿಂಕ್ ಕಳಿಸ್ತೀನಿ

(ಎಲ್‌ಐಸಿ ಕಾಲೊನಿಯಿಂದ ಹೆಸರು ಪಡೆದ ಬೆಂಗಳೂರಿನ ಜೀವನ್ ಬಿಮಾ ನಗರ. ಇಲ್ಲೊಂದು ಗ್ರಾಮೋದ್ಧಾರದ ಕಚೇರಿ. ಅದರ ಗೇಟಿನಲ್ಲಿ ಮ್ಯಾನೇಜರ್, ಲಿಂಗಸುಗೂರು ಕಡೆಯ ವಾಚ್‌ಮನ್.)

ಮ್ಯಾನೇಜರ್: ನಿಮ್ಮೂರಿಗೆ ಫೈಬರ್ ಬಂದಿದೆಯೇನಪ್ಪ?

ವಾಚ್‌ಮನ್: ಪಂಚಾಯ್ತಿ ಗ್ವಾಡಿಗೆ ಡಬ್ಬಿ ಜಡಿದಾರ್ರಿ ಸರ. ಕರೆಂಟ್ ಇದ್ದಾಗ ಕೀಲಿ ಹಾಕಿರ್ತದ, ಕೀಲಿ ತೆಗೆದಾಗ ಕರೆಂಟ್ ಇರಂಗಿಲ್ಲ.

ಮ್ಯಾನೇಜರ್: 2011ರಲ್ಲೇ ಮಂಜೂರಾದ ಯೋಜನೆ ಅದು! ಎರಡೂವರೆ ಲಕ್ಷ ಪಂಚಾಯಿತಿ! 2015ರಲ್ಲಿ ಭಾರತ್‌ನೆಟ್ ಅಂತ ಹೆಸರೂ ಬದಲಾಯ್ತು.

ವಾಚ್‌ಮನ್: ಹೆಸರು ಲಗೂನ ಬಂತ್ರಿ.

ಮ್ಯಾನೇಜರ್: ತರಬೇತಿ? ಮನೆಗೊಬ್ಬರಿಗೆ 20 ಗಂಟೆ ಡಿಜಿಟಲ್ ಸಾಕ್ಷರತೆ ಅಂತ 2017ರಲ್ಲಿ ಶುರುವಾಗಿತ್ತಲ್ಲ.

ವಾಚ್‌ಮನ್: ನಮ್ಮಾಕಿ ಕಲಿತಾಳ್ರಿ. ಮೌಸ್ ಹಿಡಿಯಾಕ ಬರ್ತದ. ಸಲಿಕಿ ಮೊದ್ಲ ಬರ್ತಿತ್ತು. 2023ರಿಂದ ನರೇಗಾದಾಗ ದಿನಾ ಎರಡು ಸಲ ಆ್ಯಪಿನ್ಯಾಗ ಫೋಟೊ ಹಾಕಬೇಕಂತ ಮಾಡಿದ್ರಲ್ರಿ, ಅವಾಗಿಂದ ತ್ರಾಸು.

ಮ್ಯಾನೇಜರ್: ಪಾರದರ್ಶಕತೆ!

ವಾಚ್‌ಮನ್: ಹೂಳು ತೆಗೆಯೋದು ಕೆರಿ ಒಳಗ. ಸಿಗ್ನಲ್ ಇರೋದು ಏರಿ ಮ್ಯಾಲ. ಮೇಟಿ ಫೋನ್ ಎತ್ತಿ ಹಿಡಕೊಂಡು ಏರಿ ತುಂಬ ಓಡಾಡ್ತಾನ. ಫೋಟೊ ಹೋಗಲಿಲ್ಲಂದ್ರ ಹಾಜರಿ ಇಲ್ಲ, ಹಾಜರಿ ಇಲ್ಲಂದ್ರ ಪಗಾರ ಇಲ್ಲ.

ಮ್ಯಾನೇಜರ್: ಅಯ್ಯೋ, ಆನ್‌ಲೈನ್ ದೂರು ಕೊಡಬಹುದಲ್ಲ?

ವಾಚ್‌ಮನ್: ಏರಿ ಮ್ಯಾಲ ಹೋಗೇ ಕೊಡಬೇಕ್ರಿ.

ಮ್ಯಾನೇಜರ್: ಒಳ್ಳೇ ಕೇಸ್ ಸ್ಟಡಿ! ನಿಮ್ಮೂರಲ್ಲೇ ಕಾರ್ಯಾಗಾರ ಇಟ್ಟುಬಿಡೋಣ.

ವಾಚ್‌ಮನ್: ಯಾವಾಗ ಬರ್ತೀರಿ ಸರ?

ಮ್ಯಾನೇಜರ್: ನಾನಾ? ಅಲ್ಲಿ ನೆಟ್‌ವರ್ಕ್ ಇಲ್ಲ ಅಂತೀಯಲ್ಲಪ್ಪ, ನನಗೆ ದಿನಾ ಮೀಟಿಂಗ್. ಇಲ್ಲಿಂದಲೇ ಮಾತಾಡ್ತೀನಿ. ಲಿಂಕ್ ಕಳಿಸ್ತೀನಿ, ಊರವರನ್ನೆಲ್ಲ ಏರಿ ಮೇಲೆ ಕೂರಿಸು.