ಹೊಸ ಕಾಫಿಪುಡಿ ಅಂಗಡಿಯವರಿಗೆ ಒಂದು ಬಹಿರಂಗ ಪತ್ರ

ಅಂಗಡಿಯವರೇ,

ಬೀಜ ಹುರಿದು, ಕಣ್ಣೆದುರೇ ಪುಡಿ ಮಾಡಿ, ಇನ್ನೂ ಬೆಚ್ಚಗಿರುವಾಗಲೇ ಕಟ್ಟಿಕೊಡುವ ಅಂಗಡಿಯೊಂದು ನಮ್ಮ ಬಡಾವಣೆಗೆ ಬೇಕಿತ್ತು. ನೀವು ಬಂದದ್ದು ಬಹಳ ಸಂತೋಷ. ನಿಮ್ಮ ಅಂಗಡಿ ಇಲ್ಲಿ ನೆಲೆನಿಲ್ಲಬೇಕು ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಪ್ರಾರಂಭೋತ್ಸವಕ್ಕೆ ಅಂಗಡಿಯ ಹೆಸರು ಹಾಕಿಸಿದ ಟೀ-ಶರ್ಟು, ಪೆನ್ನು, ಕೀ ಚೈನು, ಚೀಲ ಎಲ್ಲ ಹಂಚುವ ಯೋಚನೆಯಲ್ಲಿದ್ದೀರಂತೆ. ಹೆಸರು ಹಾಕಿಸಿ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಕೊಟ್ಟದ್ದು ಗಿರಾಕಿಯ ಮನೆಯಲ್ಲಿ ದಿನಾ ಕೆಲಸಕ್ಕೆ ಬರಬೇಕು. ಬಾರದಿದ್ದರೆ ನಿಮ್ಮ ಹೆಸರು ಎರಡೇ ವಾರಕ್ಕೆ ಕಸದ ಗಾಡಿ ಹತ್ತುತ್ತದೆ. ಅದು ನಡೆಯಬಾರದು.

ನಮ್ಮ ಊರುಗಳ ವ್ಯಾಪಾರಸ್ಥರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಗೋಡೆಯ ಮೇಲಿನ ಕ್ಯಾಲೆಂಡರನ್ನೇ ನೋಡಿ. ಒಂದು ಬದಿಯಲ್ಲಿ ಬಟ್ಟೆ ಅಂಗಡಿಯ ಹೆಸರು, ಫೋನ್ ನಂಬರು. ಉಳಿದದ್ದೆಲ್ಲ ತಿಥಿ, ನಕ್ಷತ್ರ, ರಾಹುಕಾಲ, ಸರ್ಕಾರಿ ರಜೆ. ಹಾಲು ಹಾಕಿಸಿಕೊಳ್ಳದ ದಿನಕ್ಕೊಂದು ಗೀಟು, ಹೊಸ ಸಿಲಿಂಡರ್ ಹಾಕಿದ ದಿನಕ್ಕೊಂದು ಸುತ್ತು, ಚೀಟಿ ಕಟ್ಟಬೇಕಾದ ತಾರೀಕಿಗೆ ಕೆಂಪು ಶಾಯಿ. ಮನೆಯ ಲೆಕ್ಕವೆಲ್ಲ ಆ ಚೌಕಗಳಲ್ಲೇ ಇರುವುದರಿಂದ ಅಂಗಡಿಯ ಹೆಸರು ವರ್ಷವಿಡೀ ಕಣ್ಣೆದುರು ಇರುತ್ತದೆ, ಯಾರಿಗೂ ಹೊರೆ ಅನ್ನಿಸುವುದಿಲ್ಲ. ನೀವೂ ಕ್ಯಾಲೆಂಡರ್ ಮಾಡಿಸುವುದಾದರೆ ಡಿಸೆಂಬರ್‌ವರೆಗೆ ಕಾಯಬೇಡಿ. ಶಿವಕಾಶಿಯ ಮುದ್ರಕರು ಮುಂದಿನ ವರ್ಷದ ಮಾದರಿಗಳ ಆಲ್ಬಮ್ಮನ್ನು ಆಗಸ್ಟ್ ಆರಂಭದಲ್ಲಿ, ತಮಿಳರ ಆಡಿಪೆರುಕ್ಕು ಹಬ್ಬದ ಹೊತ್ತಿಗೇ ಹೊರತರುತ್ತಾರೆ.

ಇನ್ನು ಚೀಲ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅಗ್ಗಕ್ಕೆ ಸಿಗುವ, ಬಣ್ಣಬಣ್ಣದ 'ನಾನ್-ವೋವನ್' ಚೀಲವನ್ನು ಬಟ್ಟೆ ಚೀಲವೆಂದೇ ಹೇಳಿ ಮಾರುತ್ತಾರೆ. ಅದು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಒಂದು ತುಣುಕು ಕಿತ್ತು ಬೆಂಕಿಗೆ ಹಿಡಿದರೆ ಹತ್ತಿಯಂತೆ ಬೂದಿಯಾಗದೆ ಕರಗಿ ಗಂಟಾಗುತ್ತದೆ. 2021ರ ಸೆಪ್ಟೆಂಬರ್ 30ರಿಂದ ಇಂಥ ಚೀಲ ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾಗಿರಬಾರದು ಎಂದು ಕೇಂದ್ರದ ನಿಯಮವಿದೆ. ನಮ್ಮ ರಾಜ್ಯವಂತೂ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತ್ತು. ನಿಯಮದ ಮಾತು ಬಿಡಿ, ಆ ಚೀಲದ ಹಿಡಿಕೆ ಎರಡು ಕೆ.ಜಿ. ಅಕ್ಕಿಗೇ ಕಿತ್ತುಬರುತ್ತದೆ. ನಡುರಸ್ತೆಯಲ್ಲಿ ಅಕ್ಕಿ ಆರಿಸುವ ಹೆಂಗಸಿಗೆ ಆಗ ಕಾಣುವುದು ಚೀಲದ ಮೇಲಿನ ನಿಮ್ಮ ಹೆಸರು. ಸಾವಿರ ಚೀಲದ ದುಡ್ಡಿನಲ್ಲಿ ಇನ್ನೂರೇ ಬರಲಿ, ಒಗೆದು ಮತ್ತೆ ಬಳಸಬಹುದಾದ ಗಟ್ಟಿ ಹತ್ತಿಯದ್ದು ಮಾಡಿಸಿ. ಅದನ್ನು ಮಹಿಳಾ ಸ್ವಸಹಾಯ ಸಂಘದವರಿಂದ ಹೊಲಿಸಿದರೆ ದುಡ್ಡೂ ಊರಲ್ಲೇ ಉಳಿಯುತ್ತದೆ.

ಆ ಚೀಲಕ್ಕೆ ದುಡ್ಡು ಮಾತ್ರ ಕೇಳಬೇಡಿ. 2019ರಲ್ಲಿ ಚಂಡೀಗಢದ ಜಿಲ್ಲಾ ಗ್ರಾಹಕರ ವೇದಿಕೆಯ ಮುಂದೆ ಒಂದು ದೂರು ಬಂತು. ಬಾಟಾ ಮಳಿಗೆಯೊಂದು ತನ್ನದೇ ಹೆಸರಿದ್ದ ಕೈಚೀಲಕ್ಕೆ ಮೂರು ರೂಪಾಯಿ ಹಾಕಿತ್ತು. ಗಿರಾಕಿಯಿಂದ ದುಡ್ಡು ಪಡೆದು ಅವನ ಕೈಯಲ್ಲೇ ತನ್ನ ಜಾಹೀರಾತು ಹೊರಿಸುವುದು ಸಲ್ಲದು ಎಂದು ವೇದಿಕೆ ತೀರ್ಪು ಕೊಟ್ಟು, ಪರಿಹಾರ, ಖರ್ಚು, ದಂಡ ಸೇರಿ 9,000 ರೂಪಾಯಿ ಕೊಡಿಸಿತು. ನನಗೆ ಆ ತೀರ್ಪು ಬಹಳ ಹಿಡಿಸಿತು. ನಿಮ್ಮ ಹೆಸರನ್ನು ಬೀದಿಯಲ್ಲಿ ಹೊತ್ತು ತಿರುಗುವವರು ನಿಮಗೆ ಉಪಕಾರ ಮಾಡುತ್ತಿದ್ದಾರೆ. ಟೀ-ಶರ್ಟಿಗೂ ಇದೇ ಮಾತು. ಬೆನ್ನಿನ ಉದ್ದಗಲಕ್ಕೆ ಅಂಗಡಿಯ ವಿಳಾಸವಿರುವ ಅಂಗಿ ಹಾಕಿಕೊಂಡು ಯಾರು ತಾನೇ ಮದುವೆಗೆ ಹೋಗುತ್ತಾರೆ? ಅದನ್ನು ನಿಮ್ಮ ಅಂಗಡಿಯ ಹುಡುಗರಿಗೆ ಕೊಡಿ, ತಲಾ ಮೂರು ಜೊತೆ, ಒಳ್ಳೆಯ ಹತ್ತಿಯದ್ದು. ಹುರಿಯುವ ಯಂತ್ರದ ಪಕ್ಕ ದಿನವಿಡೀ ನಿಲ್ಲುವವರು ಅವರು.

ಹಾಗಾದರೆ ಗಿರಾಕಿಗೆ ಏನು ಕೊಡುವುದು? ನನ್ನ ಕೇಳಿದರೆ ಡಬ್ಬಿ. ಕಾಫಿಪುಡಿಗೆ ಗಾಳಿ, ತೇವ, ಬೆಳಕು ಮೂರೂ ಶತ್ರುಗಳು. ಪೊಟ್ಟಣ ಬಿಚ್ಚಿದ ಕೆಲವೇ ದಿನಕ್ಕೆ ಘಮ ಇಳಿದುಹೋಗುತ್ತದೆ. ಬಿಗಿ ಮುಚ್ಚಳದ, ಅರ್ಧ ಕೆ.ಜಿ. ಹಿಡಿಯುವ ಸ್ಟೀಲ್ ಡಬ್ಬಿಯೊಂದನ್ನು ಕೊಟ್ಟರೆ ನಿಮ್ಮ ಪುಡಿಯ ರುಚಿ ಉಳಿಯುತ್ತದೆ, ಹೆಸರೂ ಅಡುಗೆಮನೆಯ ಶೆಲ್ಫಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಪಾತ್ರೆ ಅಂಗಡಿಗಳಲ್ಲಿ ಹೆಸರು ಹಾಕಿಕೊಡುವವರು ಇದ್ದೇ ಇದ್ದಾರಲ್ಲ, ಅವರಿಂದಲೇ ತಳದಲ್ಲೋ ಮುಚ್ಚಳದಲ್ಲೋ ಸಣ್ಣದಾಗಿ ಕೊರೆಸಿ. ಬಣ್ಣದ ಅಚ್ಚು ಉಜ್ಜಿ ತೊಳೆದಂತೆ ಹೋಗುತ್ತದೆ, ಕೊರೆದದ್ದು ಉಳಿಯುತ್ತದೆ. ಎಲ್ಲರಿಗೂ ಡಬ್ಬಿ ಕೊಡುವುದು ನಿಮ್ಮ ಬಂಡವಾಳಕ್ಕೆ ಹೆಚ್ಚಾದರೆ ಮೂರನೇ ಸಲ ಪುಡಿಗೆ ಬಂದವರಿಗೆ ಕೊಡಿ. ಮೊದಲ ದಿನ ಎಲ್ಲರಿಗೂ ಒಂದು ಅಳತೆಯ ಚಮಚ ಸಾಕು. ಫಿಲ್ಟರಿಗೆ ಎಷ್ಟು ಚಮಚ ಪುಡಿ, ಎಷ್ಟು ನೀರು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಹೊಸದಾಗಿ ಮನೆ ಮಾಡಿದ ಹುಡುಗ ಹುಡುಗಿಯರಿಗೆ ಅದು ತುಂಬ ಬೇಕಾದದ್ದು.

ಪೊಟ್ಟಣದ ಮೇಲೆ ಕಾಫಿ, ಚಿಕೋರಿ ಶೇಕಡಾ ಎಷ್ಟೆಷ್ಟು ಎಂಬುದನ್ನು ಅಂಗಡಿಯ ಹೆಸರಿಗಿಂತ ದಪ್ಪಕ್ಷರದಲ್ಲಿ ಹಾಕಿಸಿ. ಚಿಕೋರಿ 49ನ್ನು ಮೀರಬಾರದು, ಎರಡರ ಪ್ರಮಾಣವನ್ನೂ ತಿಳಿಸಲೇಬೇಕು ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅದನ್ನು ಮುಚ್ಚುಮರೆಯಿಲ್ಲದೆ ಹೇಳುವ ಅಂಗಡಿಯನ್ನು ಜನ ಬೇಗ ನಂಬುತ್ತಾರೆ.

ಲೆಕ್ಕದ ಒಂದು ಮಾತು: ಉಚಿತವಾಗಿ ಹಂಚುವ ವಸ್ತುಗಳ ಮೇಲೆ ನೀವು ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಎಂದು ಹಿಂದೆ ಪಡೆಯಲು ಬರುವುದಿಲ್ಲ. ಡಬ್ಬಿಯ ಬೆಲೆ ಹಾಕುವಾಗ ಆ ತೆರಿಗೆಯನ್ನೂ ಸೇರಿಸಿಕೊಳ್ಳಿ.

ಆರ್ಡರ್ ಕೊಡುವ ಮುನ್ನ ಚೀಲದ ಮಾದರಿಯೊಂದನ್ನು ತರಿಸಿ, ಐದು ಕೆ.ಜಿ. ತುಂಬಿ ಸಂತೆಗೆ ಹೋಗಿ ಬನ್ನಿ. ನಮ್ಮ ಮನೆಗೆ ತಿಂಗಳಿಗೆ ಒಂದು ಕೆ.ಜಿ. ಪುಡಿ ಬೇಕು, 80-20ರದ್ದು.

ಇಂತು,
ನಿಮ್ಮ ಬಡಾವಣೆಯ ಗಿರಾಕಿ