ಕೆಲಸ ಬಿಟ್ಟು ಹೋದ ಹತ್ತು ನಂಬರ್ ನಟ್ಟಿಗೆ ಬಹಿರಂಗ ಪತ್ರ

ಇವರಿಗೆ,
ಶ್ರೀ ನಟ್ಟಿನವರು,
ಹಿಂದಿನ ವಿಳಾಸ: ಸೀರೆ ಗಾರ್ಡಿನ ಕೆಳಗಿನ ಬೋಲ್ಟು.
ಸದ್ಯದ ಮುಕ್ಕಾಂ: ಮುಧೋಳ–ಜಮಖಂಡಿ ರಸ್ತೆಯ ಯಾವುದೋ ಒಂದು ತಗ್ಗು.

ವಿಷಯ: ತಾವು ಹೇಳದೆ ಕೇಳದೆ ಗಾಡಿ ಬಿಟ್ಟು ಇಳಿದ ಬಗ್ಗೆ.

ಮಾನ್ಯರೆ,

ತಾವು ಇದ್ದಷ್ಟು ದಿನ ಇದ್ದೀರಿ ಎಂಬುದೇ ನನಗೆ ಗೊತ್ತಿರಲಿಲ್ಲ. ಹೋದ ಮೇಲೆ ಮಾತ್ರ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ನಾಲ್ಕೂ ಊರಿಗೆ ಗೊತ್ತಾಗುವ ಹಾಗೆ ಮಾಡಿದಿರಿ. ತಮ್ಮಂಥ ಸಣ್ಣ ನೌಕರರಿಗೆ ಇಷ್ಟು ದೊಡ್ಡ ಬೀಳ್ಕೊಡುಗೆ ನಮ್ಮ ಭಾಗದಲ್ಲಿ ಅಪರೂಪ.

ನಾನು ಮಗ್ಗದ ಮನೆಯವನು. ರಬಕವಿ-ಬನಹಟ್ಟಿಯಲ್ಲಿ ಪಾವರ್‌ಲೂಮಿನ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆ ಕಡೆಯಿಂದ ಈ ಕಡೆ ಹಾರುತ್ತದೆ. ಆ ಸಪ್ಪಳದಲ್ಲೇ ಕೂಸು ತೊಟ್ಟಿಲಲ್ಲಿ ನಿದ್ದೆ ಮಾಡುತ್ತದೆ. ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತದೆ. ಇಂಥ ಕಿವಿಗೂ ತಾವು ಬಿಟ್ಟುಹೋದ ಖಡಖಡ ತಡೆಯಲಿಲ್ಲ. ಮಗ್ಗದ ಸಪ್ಪಳಕ್ಕೆ ಲೆಕ್ಕ ಇದೆ, ಕೂಲಿ ಇದೆ. ತಮ್ಮದಕ್ಕೆ ಎರಡೂ ಇಲ್ಲ. ನಲವತ್ತರ ಸ್ಪೀಡಿಗೆ ಶುರುವಾಗಿ ಐವತ್ತಕ್ಕೆ ಮಾಯ. ತಗ್ಗಿನಲ್ಲಿ ಸುಮ್ಮನಿದ್ದು ಸಪಾಟು ರಸ್ತೆ ಸಿಕ್ಕೊಡನೆ ಬಾಯಿ ಬಿಡುವುದು ಎಲ್ಲಿಯ ನ್ಯಾಯ?

ನ್ಯಾಯ ಇದೆಯಂತೆ. ನಮ್ಮ ಗಾಡಿಯಂಥ ನಾಲ್ಕು ಸ್ಟ್ರೋಕಿನ, ಒಂದೇ ಸಿಲಿಂಡರಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 25 ಸಿಡಿತ. ಸಡಿಲಾದ ಪ್ರತಿ ಕಬ್ಬಿಣದ ಸರಳಿಗೂ ತನ್ನದೇ ಒಂದು ನಡುಕದ ಲಯ ಇರುತ್ತದೆ. ಎಂಜಿನ್ನಿನ ಲಯವೂ ಸರಳಿನ ಲಯವೂ ಕೂಡಿದ ಗಳಿಗೆಗೆ ಸರಳು ಕುಣಿಯುತ್ತದೆ, ಎಂಜಿನ್ನು ಮುಂದೆ ಹೋದರೆ ಸುಮ್ಮನಾಗುತ್ತದೆ. ಇದು ತಿಳಿದದ್ದರಿಂದ ಸಪ್ಪಳವೇನೂ ಕಡಿಮೆಯಾಗಲಿಲ್ಲ.

ಜಮಖಂಡಿಯ ಮಿಸ್ತ್ರಿ ಚೈನಿನ ಮೇಲೆ ಗುಮಾನಿ ಪಟ್ಟು ಬಿಗಿ ಮಾಡಿದ. ಬನಹಟ್ಟಿಯಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಆಯಿತು. ಇನ್ನೊಬ್ಬ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಡಾಕ್ಟರರ ಗತ್ತಿನಲ್ಲಿ ಕಣ್ಣು ಮುಚ್ಚಿ ಕೇಳಿ, "ಎಂಜಿನ್ ಬೆಸ್ಟ್ ಐತ್ರಿ" ಎಂದ. ಹೌದು, ಬೆಸ್ಟೇ ಇತ್ತು. ಮೇನ್ ಸ್ಟ್ಯಾಂಡ್ ಹಾಕಿ ರೇಸ್ ಮಾಡಿದರೆ ಯಾವ ಸಪ್ಪಳವೂ ಇಲ್ಲ.

ಮುಧೋಳಕ್ಕೂ ಒಯ್ದೆ. ಭೀಮನ ಗರ್ಜನೆಗೆ ವೈಶಂಪಾಯನ ಸರೋವರದ ನೀರಿನೊಳಗಿದ್ದ ದುರ್ಯೋಧನ ತಡೆಯಲಾರದೆ ಹೊರಗೆ ಬಂದನೆಂದು ಬರೆದ ರನ್ನನ ಊರು. ನಾನೂ ಆಕ್ಸಲರೇಟರ್ ತಿರುವಿ ಗರ್ಜಿಸಿದೆ. ಹೊರಗೆ ಬಂದದ್ದು ಹೊಗೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಕಾಣಿಸಿಕೊಂಡು, ಆಮೇಲೆ ಸೈನ್ಯಕ್ಕೂ ಸೇರಿದ ಮುಧೋಳ ನಾಯಿಯನ್ನು ಕೇಳೋಣವೆಂದರೆ, ಅದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಜಾತಿ. ತಮ್ಮ ಸಪ್ಪಳ ಕಣ್ಣಿಗೆ ಬೀಳುವ ಪೈಕಿ ಅಲ್ಲ.

ಇದರ ನಡುವೆ ನನ್ನ ಮರ್ಯಾದೆಯೂ ಹೋಯಿತು. ಮನೆಯವಳನ್ನು ಹಿಂದೆ ಕೂಡಿಸಿಕೊಂಡು ಹೊರಟರೆ ಗಾಡಿ ಗಪ್‌ಚಿಪ್. "ನಾ ಕುಂತಾಗ ಯಾವ ಸಪ್ಪಳಾನೂ ಇಲ್ಲಲ್ಲ, ನಿಮ್ಮ ತಲ್ಯಾಗs ಏನರ ಸಡಿಲ ಆಗೇತೇನು?" ಎಂದಳು. ಒಬ್ಬನೇ ಹೊರಟರೆ ಮತ್ತೆ ಖಡಖಡ. ಸಾಕ್ಷಿ ಬಂದೊಡನೆ ಸಾಧುವಾಗುವ ಅಪರಾಧಿಯನ್ನು ಯಾವ ಕೋರ್ಟಿನಲ್ಲಿ ನಿಲ್ಲಿಸುವುದು?

ಬೀಳಗಿಯಲ್ಲಿ ಒಬ್ಬ ಹುಡುಗ, ಇನ್ನೂ ಮೀಸೆ ಪೂರಾ ಬಂದಿಲ್ಲ, ಗಾಡಿಗೆ ಕೈ ಹಚ್ಚದೆ ಈ ಕಥೆಯನ್ನಷ್ಟೇ ಕೇಳಿದ. "ವೈನಿಯವರು ಕಾಲು ಎಲ್ಲಿ ಇಡ್ತಾರ್ರೀ, ಅಣ್ಣಾರ?" ಎಂದ. ಸೀರೆ ಗಾರ್ಡಿಗೆ ಕೂಡಿಸಿದ ಫುಟ್‌ರೆಸ್ಟಿನ ಮೇಲೆ. "ಹಂಗಾದ್ರ ಮೊದಲ ಗಾಡಿ ತೊಳಕೊಂಡ್ ಬರ್ರಿ."

ನೀರು ಬಿದ್ದ ಮೇಲೆ ತಮ್ಮ ಗುಟ್ಟು ರಟ್ಟಾಯಿತು. ತಾವು ಬಿಟ್ಟ ಖುರ್ಚಿಯಲ್ಲಿ ಕಬ್ಬಿನ ಹೊಲದ ಎರಿಮಣ್ಣು ಉಂಡೆಯಾಗಿ, ಒಣಗಿ, ಅಧಿಕಾರ ನಡೆಸುತ್ತಿತ್ತು. ನೋಡಿದವರೆಲ್ಲ ಅದನ್ನೇ ನಟ್ಟು ಎಂದುಕೊಂಡಿದ್ದರು. ಗಾರ್ಡು ಮೇಲಿನ ಬೋಲ್ಟಿಗೆ ಜೋತುಬಿದ್ದು ಶಾಕ್ ಅಬ್ಸಾರ್ಬರಿಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಮನೆಯವಳ ಕಾಲಿನ ಭಾರ ಅದನ್ನು ಒತ್ತಿ ಹಿಡಿಯುತ್ತಿತ್ತು. ಮೇನ್ ಸ್ಟ್ಯಾಂಡಿನ ಮೇಲೆ ಹಿಂದಿನ ಗಾಲಿ ಜೋತುಬಿದ್ದು, ಶಾಕ್ ಚಾಚಿಕೊಂಡು, ಎರಡರ ನಡುವೆ ಅಂತರ ಬೀಳುತ್ತಿತ್ತು.

ಅಲ್ಲೇ ನಿಂತಿದ್ದ ಒಬ್ಬ ಶೋಕಿಲಾಲ, "ಬಿಚ್ಚಿ ಒಗೀರಿ ಅದನ್ನ, ಗಾಡಿ ಲುಕ್ಕೂ ಬರತೈತಿ" ಎಂದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಅವನಿಗೆ ಗೊತ್ತಿರಲಿಕ್ಕಿಲ್ಲ: ಹಿಂದೆ ಕುಳಿತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕು. ನಿಯಮ ಬಿಡಿ. ಸೀರೆ ನೇಯ್ದು ಉಣ್ಣುವ ಊರಿನವನು ಸೀರೆ ಗಾರ್ಡು ಕಿತ್ತೊಗೆದು ಯಾವ ಮುಖ ಹೊತ್ತು ಬನಹಟ್ಟಿಗೆ ಹೋಗಲಿ?

ತಮ್ಮೊಬ್ಬರನ್ನೇ ದೂರುವುದೂ ತಪ್ಪು. ಅಡ್ಡಡ್ಡ ಅಲುಗಾಟಕ್ಕೆ ಸಿಕ್ಕ ನಟ್ಟು ತಾನಾಗಿಯೇ ತಿರುಗಿ ಕಳಚಿಕೊಳ್ಳುತ್ತದೆ ಎಂದು ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಇಂಜಿನಿಯರು 1969ರಲ್ಲೇ ತೋರಿಸಿಕೊಟ್ಟಿದ್ದಾನೆ. ಅವನು ಅದಕ್ಕಾಗಿ ಅಲುಗಾಡಿಸುವ ಯಂತ್ರವನ್ನೇ ಕಟ್ಟಿಸಿದ. ಪಾಪ, ಖರ್ಚು ದಂಡ. ಕಬ್ಬಿನ ಸೀಜನ್ನಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು, ಟೇಪು ಹಚ್ಚಿಕೊಂಡು ಫ್ಯಾಕ್ಟರಿಗೆ ಸಾಗುವ ಟ್ರ್ಯಾಕ್ಟರುಗಳ ಹಿಂದೆ ಅವು ಬಿಟ್ಟ ರಸ್ತೆಯಲ್ಲಿ ಒಂದು ಸಲ ಬಂದಿದ್ದರೆ ಸಾಕಿತ್ತು.

ತಮ್ಮ ಜಾಗಕ್ಕೆ ಒಳಗೆ ನೈಲಾನ್ ಬಳೆ ಇರುವ ನಟ್ಟನ್ನು ನೇಮಿಸಲಾಗಿದೆ. ಆ ಬಳೆ ಬೋಲ್ಟಿನ ಹಲ್ಲು ಕಚ್ಚಿ ಹಿಡಿಯುತ್ತದೆ, ರಾಜೀನಾಮೆಗೆ ಅವಕಾಶ ಕೊಡುವುದಿಲ್ಲ. ಹುಡುಗ ಹತ್ತು ನಂಬರ್ ಪಾನಾದಿಂದ ಬಿಗಿದು, ನಟ್ಟಿನ ರೊಕ್ಕವನ್ನಷ್ಟೇ ತೆಗೆದುಕೊಂಡ. ಉಳಿದ ಮಿಸ್ತ್ರಿಗಳ ಬಿಲ್ಲು ತೋರಿಸಿದ್ದಕ್ಕೆ ನಕ್ಕ. ತಮ್ಮ ಜೋಡಿದಾರ ವಾಶರು ಅವನ ಅಂಗಡಿಯ ಡಬ್ಬಿಯಲ್ಲಿದೆ. ಬೇಕಿದ್ದರೆ ಹಗಲು ಹೊತ್ತು ಹೋಗಿ ಒಯ್ಯಿರಿ. ನನ್ನ ಗಾಡಿಯ ಮೇಲೆ ಮಾತ್ರ ಡ್ರಾಪ್ ಕೇಳಬೇಡಿರಿ.

ಇತಿ ತಮ್ಮ,
ಬನಹಟ್ಟಿಯ ಒಬ್ಬ ನೇಕಾರ