ಬಂದೂಕಿನ ತಲೆದಿಂಬು

ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ ಹೊಲಿಯುವ ರಾಷ್ಟ್ರಧ್ವಜ ಗಾಳಿಗೆ ಆಡಿದರೇ ಚೆಂದ. ಬಲು ದೂರದ ಗುರಿಗೆ ಗುಂಡು ಹೊಡೆಯುವ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ ರೈಫಲ್ಲಿನ ಮುಂಭಾಗ ಹೊರುವ ಮೂರು ಕಾಲಿನ ಆಸರೆಯ ಮೇಲಿನ ಮರಳುಚೀಲವೂ ಬಟ್ಟೆಯದೇ, ಆದರೆ ಅದು ಜಪ್ಪಯ್ಯ ಅಂದರೂ ಅಲುಗಬಾರದು. ಮುಂದಿನ ಆಸರೆಗೂ ರೈಫಲ್ಲಿನ ಹಿಂಬದಿಗೆ ಇಡುವ ಚೀಲಕ್ಕೂ 70 ಸೆಂಟಿಮೀಟರ್ ಅಂತರವಿದ್ದರೆ, ಇಲ್ಲಿ ಮಿಲಿಮೀಟರಿನ ಐದನೇ ಒಂದು ಪಾಲು ಸರಿದದ್ದು 1000 ಗಜದಾಚೆ ಸುಮಾರು 10 ಇಂಚಿನ ಅವಾಂತರ. ಹಾಗಾಗಿ ಆಸರೆ ಆರಿಸುವಾಗ ಅಂದಕ್ಕಿಂತ ತೂಕ ನೋಡುವುದೇ ಜಾಣತನ. ಓಪನ್ ವಿಭಾಗದ ರೈಫಲ್ಲಿಗೆ 10 ಕಿಲೋ ಮೀರದ ಪಥ್ಯವುಂಟು. ಆಸರೆಗೆ ಆ ಕಾಟವಿಲ್ಲ, ಹೊಟ್ಟೆತುಂಬ ಉಂಡು ಕೂರಬಹುದು. ಗಾಳಿ ತಿರುಗಿದಾಗ ಗುರಿ ಬೇಗ ಬದಲಿಸಲು ಆಸರೆಗೆ ಜಾಯ್‌ಸ್ಟಿಕ್ ಹಿಡಿ ಬೇಡವೇ ಎಂದರೆ, ಬೇಕು. ಆದರೆ ಕಾಲೇ ಕುಂಟುವ ಮಂಚಕ್ಕೆ ರೇಷ್ಮೆ ಹಾಸು ಏಕೆ? ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಇಂಥ ಯಾವ ಸಿಂಹಾಸನವೂ ಇಲ್ಲದೆ ತೆಂಗಿನಕಾಯಿಗೆ ಗುಂಡು ಹೊಡೆಯುವುದಿಲ್ಲವೇ ಎಂದು ಕೇಳುವವರೂ ಉಂಟು. ಹೊಡೆಯುತ್ತಾರೆ, ಭೇಷಾಗಿ, ಆ ಕಾಯಿ ಸಾವಿರ ಗಜದಾಚೆ ಕೂತಿರುವುದಿಲ್ಲ ಅಷ್ಟೆ. ಇನ್ನು ನಮ್ಮ ಕಡೆಯ ಎರೆಮಣ್ಣಿನಲ್ಲಿ, ಮಳೆ ಬಿದ್ದ ಮರುದಿನ, ಆಸರೆಯ ಮೂರು ಮೊನಚು ಕಾಲೂ ಸದ್ದಿಲ್ಲದೆ ಪಾತಾಳಕ್ಕೆ ಹೊರಡುತ್ತವೆ. ಆ ಕಾಲುಗಳ ಕೆಳಗೆ ರೊಟ್ಟಿ ಹೆಂಚಿನಷ್ಟು ಅಗಲದ ತಟ್ಟೆ ಇಡಬೇಕು.